ಬಸಿರು ನಿಲ್ಲುವ ತಿಂಗಳು, ಇಳಿಯುವ ತಿಂಗಳು

ಜ್ಯೇಷ್ಠ ಕಳೆದು ಆಷಾಢದ ಗಾಳಿ ಎದ್ದಿತೆಂದರೆ ತುಮಕೂರು ಸೀಮೆಯಲ್ಲಿ ಹೊಸ ಸೊಸೆಯರು ತವರಿಗೆ ಹೊರಡುತ್ತಾರೆ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುತ್ತಾನೆ. ಭೀಮನ ಅಮಾವಾಸ್ಯೆ ಮುಗಿದು ಶ್ರಾವಣ ಹುಟ್ಟಿದ ಮೇಲೆ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಗಂಡನ ಮನೆಗೆ ಕಳಿಸಿಕೊಡುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಈ ರೂಢಿ ಇನ್ನೂ ಗಟ್ಟಿಯಾಗಿದೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಶಿಫ್ಟಿನ ಮೇಲೆ ಹೋಗುವ ಹೆಣ್ಣುಮಕ್ಕಳಿಗೆ ತಿಂಗಳಿಡೀ ತವರಿನಲ್ಲಿ ಕೂರುವುದು ಆಗುವ ಮಾತಲ್ಲ. ರಜೆ ಸಿಕ್ಕಷ್ಟು ದಿನ ಹೋಗಿ ಶಾಸ್ತ್ರ ಮುಗಿಸುತ್ತಾರೆ. ಆದರೆ ಶಾಸ್ತ್ರ ಬಿಡುವುದಿಲ್ಲ.

ಯಾಕೆ ಎಂದು ಕೇಳಿದರೆ ಮೊದಲು ಬರುವ ಉತ್ತರ ಅತ್ತೆ ಸೊಸೆ ಆಷಾಢದಲ್ಲಿ ಒಂದೇ ಹೊಸ್ತಿಲು ದಾಟಬಾರದು ಎಂಬುದು. ಇನ್ನೊಮ್ಮೆ ಕೇಳಿದರೆ ಅಜ್ಜಿಯರು ಬೆರಳು ಮಡಚಿ ತಿಂಗಳು ಎಣಿಸುತ್ತಾರೆ. ಆಷಾಢದಲ್ಲಿ ಬಸಿರು ನಿಂತರೆ ಹೆರಿಗೆ ಚೈತ್ರಕ್ಕೋ ವೈಶಾಖಕ್ಕೋ ಬರುತ್ತದೆ. ಆಗ ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಬಾವಿ ತಳ ಕಂಡಿರುತ್ತದೆ, ಬಾಣಂತಿಗೆ ಬಿಸಿನೀರು ಹುಯ್ಯಲೂ ನೀರಿಗೆ ತತ್ವಾರ. ರಾಗಿ ಹೊಲ ಹಸನು ಮಾಡುವ, ಬಿತ್ತುವ ಹೊತ್ತಿನಲ್ಲಿ ಮದುಮಗನ ಗಮನ ಹೊಲದ ಮೇಲಿರಲಿ ಎಂಬ ಲೆಕ್ಕವೂ ಇದರೊಳಗಿದೆ ಎನ್ನುವವರಿದ್ದಾರೆ.

ಮಕ್ಕಳು ದೇವರ ವರ ಎಂದು ನಂಬುವ ಮನೆಯೇ, ಆ ವರ ಯಾವ ತಿಂಗಳಲ್ಲಿ ಬಂದರೆ ತಾಯಿಗೂ ಕೂಸಿಗೂ ಒಳ್ಳೆಯದೆಂದು ಮನುಷ್ಯರು ಯೋಚಿಸಬಹುದು, ಅದಕ್ಕೆ ತಕ್ಕಂತೆ ನಡೆದುಕೊಳ್ಳಬಹುದು ಎಂದು ಈ ರೂಢಿಯ ಮೂಲಕ ಒಪ್ಪಿಕೊಂಡಿದೆ. ಇದು ಸಣ್ಣ ಒಪ್ಪಿಗೆಯಲ್ಲ. ಬಸಿರೆಂಬುದು ವಿಧಿಬರಹ ಮಾತ್ರವಲ್ಲ, ಅದಕ್ಕೆ ಬಿಸಿಲು, ಮಳೆ, ನೀರು, ದುಡಿಮೆ ಎಲ್ಲ ಸೇರುತ್ತವೆ ಎಂದು ಅದು ಹೇಳುತ್ತಿದೆ. ಹಾಗಿದ್ದ ಮೇಲೆ ಬಸಿರು ಇಳಿದಾಗಲೂ, ಬೇಡವಾದಾಗಲೂ ಇದೇ ವಿವೇಕ ಕೆಲಸ ಮಾಡಬೇಕಿತ್ತು. ಮಾಡುವುದಿಲ್ಲ. ಬಸಿರು ನಿಲ್ಲುವುದಕ್ಕೆ ಋತುವನ್ನು ನೋಡುವ ಸಮಾಜ, ಬಸಿರು ಹೋದಾಗ ಋತುವನ್ನು ಬಿಟ್ಟು ಹೆಂಗಸಿನ ನಡತೆಯನ್ನು ಹುಡುಕುತ್ತದೆ.

ಹುಡುಕುವ ಬಗೆ ಎಲ್ಲರಿಗೂ ಗೊತ್ತಿದೆ. ಎರಡು ತಿಂಗಳ ಗರ್ಭ ಇಳಿದ ಹೆಣ್ಣು ಆಸ್ಪತ್ರೆಯಿಂದ ಬಂದು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿರುತ್ತಾಳೆ. ನೋಡಲು ಬಂದವರು ಬಾಗಿಲ ಹತ್ತಿರ ಕೂತು ಕೇಳುವುದು ಒಂದೇ ಸಾಲಿನ ಪ್ರಶ್ನೆಗಳು. ಪರಂಗಿ ಹಣ್ಣು ತಿಂದಿದ್ದಳಾ? ಕೊಡ ಎತ್ತಿದಳಾ? ಗಾಡಿ ಮೇಲೆ ಕೂತು ಓಡಾಡಿದಳಾ? ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳಾ? ಅಮಾವಾಸ್ಯೆ ಸಂಜೆ ಹುಣಸೆ ಮರದ ಕೆಳಗೆ ಹಾದು ಹೋದಳಾ? ಪ್ರತಿ ಪ್ರಶ್ನೆಯ ಕರ್ತೃ ಅವಳೇ. ಆ ವಾರ ಬಿಸಿಲು ಎಷ್ಟಿತ್ತು, ಅವಳು ಎಷ್ಟು ಹೊತ್ತು ನಿಂತು ದುಡಿದಳು, ನೀರು ಕುಡಿಯಲು ಬಿಡುವಿತ್ತೇ ಎಂದು ಕೇಳುವವರಿಲ್ಲ.

ಈ ಕೇಳದ ಪ್ರಶ್ನೆಗಳನ್ನೇ ಕೆಲವು ಸಂಶೋಧಕರು ಕೇಳಿದ್ದಾರೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ತಂಡವೊಂದು ಮಗುವಿಗಾಗಿ ಪ್ರಯತ್ನಿಸುತ್ತಿದ್ದ ದಂಪತಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಗರ್ಭ ಧರಿಸಿದ 6,000ಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ತಿಂಗಳುವಾರು ಜೋಡಿಸಿ ನೋಡಿತು. 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡಿದ್ದು ಇಷ್ಟು: ಎಂಟು ವಾರ ತುಂಬುವ ಮೊದಲೇ ಗರ್ಭ ಇಳಿಯುವ ಅಪಾಯ ಫೆಬ್ರವರಿ ಕೊನೆಗಿಂತ ಆಗಸ್ಟ್ ಕೊನೆಯಲ್ಲಿ ಶೇ 44ರಷ್ಟು ಹೆಚ್ಚು. ಉತ್ತರ ಅಮೆರಿಕಕ್ಕೆ ಆಗಸ್ಟ್ ಎಂದರೆ ಕಡುಬೇಸಿಗೆ. ಅಲ್ಲಿಯ ಸೆಕೆ ಹೆಚ್ಚಿರುವ ದಕ್ಷಿಣ ಮತ್ತು ಮಧ್ಯಪಶ್ಚಿಮ ಭಾಗಗಳಲ್ಲಿ ಈ ಏರಿಳಿತ ಇನ್ನೂ ಎದ್ದು ಕಂಡಿತು. ಹೆಂಗಸರ ನಡತೆ ಆಗಸ್ಟ್ ತಿಂಗಳಲ್ಲಿ ಕೆಟ್ಟು ಫೆಬ್ರವರಿಯಲ್ಲಿ ಸುಧಾರಿಸುವುದಿಲ್ಲ. ಬದಲಾಗಿದ್ದು ಹೊರಗಿನ ಹವೆ.

ಗರ್ಭ ನಿಲ್ಲುವುದರ ಮೇಲೂ ಸೆಕೆಯ ಕೈವಾಡವಿದೆ. ಅಲನ್ ಬರೆಕಾ ಮತ್ತು ಜೊತೆಗಾರರು ಅಮೆರಿಕದ 1931ರಿಂದ 2010ರವರೆಗಿನ ಜನನ ದಾಖಲೆಗಳನ್ನು ಹವಾಮಾನದ ದಾಖಲೆಗಳ ಪಕ್ಕ ಇಟ್ಟು ನೋಡಿ 2018ರಲ್ಲಿ ಬರೆದರು. ದಿನದ ಸರಾಸರಿ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ದಾಟಿದ ಒಂದೊಂದು ಹೆಚ್ಚುವರಿ ದಿನಕ್ಕೂ, ಎಂಟರಿಂದ ಹತ್ತು ತಿಂಗಳ ನಂತರದ ಜನನಗಳು ಶೇ 0.4ರಷ್ಟು ಇಳಿಯುತ್ತವೆ. ಉತ್ತರ ಭಾರತದಲ್ಲಿ ಹೆರಿಗೆಗಳು ಹೆಚ್ಚು ಬರುವುದು ಆಗಸ್ಟ್‌ನಿಂದ ಅಕ್ಟೋಬರ್ ನಡುವೆ. ಅಂದರೆ ಗರ್ಭ ನಿಂತಿದ್ದು ಚಳಿಗಾಲದಲ್ಲಿ.

ನಮಗೆ ಇನ್ನೂ ಹತ್ತಿರದ ಸಾಕ್ಷಿ ತಮಿಳುನಾಡಿನದು. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ವಿದ್ಯಾ ವೇಣುಗೋಪಾಲ್ ಮತ್ತು ತಂಡದವರು 2017ರಿಂದ 800 ಬಸುರಿ ಕೂಲಿಕಾರ ಹೆಂಗಸರನ್ನು ಗಮನಿಸಿದರು. ಹೊಲ, ಇಟ್ಟಿಗೆ ಗೂಡು, ಉಪ್ಪಿನ ಬಯಲಿನಂಥ ಕಡೆ ದುಡಿಯುವವರು ಇವರಲ್ಲಿ ಸೇರಿದ್ದರು. ಹೆಚ್ಚು ಸೆಕೆಯಲ್ಲಿ ಕೆಲಸ ಮಾಡುವವರಿಗೆ ಗರ್ಭ ಇಳಿಯುವ ಅಥವಾ ಸತ್ತ ಮಗು ಹುಟ್ಟುವ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು 2024ರಲ್ಲಿ ಅವರ ವರದಿ ಹೇಳಿತು. ಸೆಕೆಯ ಮಟ್ಟವನ್ನು ಅಳೆದಿದ್ದು ಹವಾಮಾನ ಇಲಾಖೆಯ ಗೋಪುರದಲ್ಲಲ್ಲ, ಹೆಂಗಸರು ನಿಂತು ದುಡಿಯುವ ಜಾಗದಲ್ಲೇ. ಆ ವರದಿ ಮುಖ್ಯವಾಗುವುದು ಈ ಕಾರಣಕ್ಕೆ.

ವಸಂತನರಸಾಪುರವನ್ನು ಈ ಬೆಳಕಿನಲ್ಲಿ ನೋಡಬೇಕು. ಕೋರ ಹೋಬಳಿಯ ಈ ಬಯಲಿನಲ್ಲಿ, ತುಮಕೂರು-ಶಿರಾ ಹೆದ್ದಾರಿಯ ಪಕ್ಕ, ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹಂತ ಹಂತವಾಗಿ ಜಮೀನು ಸ್ವಾಧೀನ ಮಾಡಿಕೊಂಡು ಕೈಗಾರಿಕಾ ಪ್ರದೇಶ ಕಟ್ಟಿದೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದರು. ರಾಗಿ, ಹುರುಳಿ, ಕಡಲೆಕಾಯಿ ಬೆಳೆಯುತ್ತಿದ್ದ ಮನೆಗಳ ಹೆಣ್ಣುಮಕ್ಕಳು ಈಗ ಪ್ಯಾಕಿಂಗ್, ವಿಂಗಡಣೆ, ಕ್ಲೀನಿಂಗ್ ಕೆಲಸಕ್ಕೆ ಗುತ್ತಿಗೆಯ ಮೇಲೆ ಹೋಗುತ್ತಾರೆ. ಉತ್ತರ ಕರ್ನಾಟಕದಿಂದ, ಬಿಹಾರ, ಒಡಿಶಾಗಳಿಂದ ಬಂದವರೂ ಅವರ ಜೊತೆಗಿದ್ದಾರೆ. ಹೊಲದ ಬಿಸಿಲಿಗೆ ಒಂದು ಶಿಸ್ತಿತ್ತು. ಮಧ್ಯಾಹ್ನ ನೆರಳು ಹಿಡಿದು ಕೂರಬಹುದಿತ್ತು, ಸುಗ್ಗಿ ಮುಗಿದರೆ ಬಿಡುವಿತ್ತು. ತಗಡಿನ ಚಾವಣಿಯ ಕೆಳಗಿನ ಶಿಫ್ಟಿಗೆ ಋತುವಿಲ್ಲ. ಪಂಚಾಂಗ ನೋಡಿ ಬಸಿರನ್ನು ವೈಶಾಖದಿಂದ ತಪ್ಪಿಸುವ ಹಳೆಯ ಉಪಾಯ, ವರ್ಷವಿಡೀ ಸೆಕೆಯಲ್ಲಿ ದುಡಿಯುವವಳಿಗೆ ಅರ್ಧವೂ ನೆರವಾಗುವುದಿಲ್ಲ.

ಋತುಮಾನದ ದುಡಿಮೆ ಗರ್ಭಕೋಶದ ಮೇಲೆ ಎಂಥ ಹಿಡಿತ ಸಾಧಿಸಬಲ್ಲದು ಎಂಬುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರೇ ಸಾಕ್ಷಿ. ಇವರಲ್ಲಿ ಅನೇಕರು ಹಂಗಾಮಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಬರುತ್ತಾರೆ. ಕಟಾವಿನ ಹಂಗಾಮಿನಲ್ಲಿ ಒಂದು ದಿನ ತಪ್ಪಿದರೂ ಮೇಸ್ತ್ರಿಗೆ ದಂಡ ಕಟ್ಟಬೇಕು. ಮುಟ್ಟಿನ ಕಾಟ ತಪ್ಪಲಿ ಎಂದು ಗರ್ಭಕೋಶವನ್ನೇ ತೆಗೆಸಿಕೊಂಡವರ ಸುದ್ದಿ ಹಬ್ಬಿ, 2019ರಲ್ಲಿ ಅಲ್ಲಿಯ ಸರ್ಕಾರ ನೀಲಂ ಗೋರ್ಹೆ ನೇತೃತ್ವದ ಸಮಿತಿ ನೇಮಿಸಿತು. ಜಿಲ್ಲೆಯ ಸಮೀಕ್ಷೆಯಲ್ಲಿ 82,000 ಹೆಂಗಸರ ಪೈಕಿ 13,000ಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವೇ ಇರಲಿಲ್ಲ. ಅವರನ್ನು ಯಾರೂ ಹಗ್ಗ ಕಟ್ಟಿ ಎಳೆದೊಯ್ದಿರಲಿಲ್ಲ. ತಾವೇ ಹೋಗಿ ಸಹಿ ಹಾಕಿದ್ದರು.

ತಾವೇ ಸಹಿ ಹಾಕಿದರು ಎಂಬಲ್ಲಿ ಹಳೆಯದೊಂದು ತಾತ್ವಿಕ ಪ್ರಶ್ನೆ ಕೂತಿದೆ. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ 1820ರ ದಶಕದಲ್ಲಿ ಬ್ರಸೆಲ್ಸಿನ ಹುಟ್ಟು ಸಾವುಗಳನ್ನು ತಿಂಗಳುವಾರು ಬರೆದು ನೋಡಿದ. ವರ್ಷ ಬದಲಾದರೂ ಏರಿಳಿತದ ಆಕಾರ ಬದಲಾಗುವುದಿಲ್ಲ ಎಂದು ಕಂಡ. ಮುಂದೆ ಮದುವೆ, ಅಪರಾಧಗಳಲ್ಲೂ ಅದೇ ಕ್ರಮಬದ್ಧತೆ ಕಂಡಾಗ, 1835ರಲ್ಲಿ ಮನುಷ್ಯನನ್ನು ಕುರಿತು ಅವನು ಬರೆದ ಪುಸ್ತಕ ಯುರೋಪನ್ನು ದೊಡ್ಡ ಚರ್ಚೆಗೆ ಎಳೆಯಿತು. ಪ್ರತಿಯೊಬ್ಬರೂ ಸ್ವಂತ ಮನಸ್ಸಿನಿಂದ ಮಾಡಿದ್ದು ಒಟ್ಟು ಲೆಕ್ಕದಲ್ಲಿ ಹೀಗೆ ತಾಳಬದ್ಧವಾಗಿ ಬರುವುದಾದರೆ, ಸ್ವಂತ ಮನಸ್ಸು ಎಂಬುದಕ್ಕೆ ಏನರ್ಥ? ಪಾಪ ಪುಣ್ಯಕ್ಕೆ ಏನರ್ಥ?

ಗರ್ಭಪಾತದಷ್ಟು ಖಾಸಗಿಯಾದ ತೀರ್ಮಾನ ಇನ್ನೊಂದಿಲ್ಲ. ಆದರೂ ಅಮೆರಿಕದಲ್ಲಿ ಅದು ವರ್ಷದ ಮೊದಲ ತಿಂಗಳುಗಳಲ್ಲಿ ಏರುತ್ತದೆ, ಆಮೇಲೆ ಇಳಿಯುತ್ತದೆ. ಕಾರಣ ನೇರ. ಅಲ್ಲಿ ಗರ್ಭಧಾರಣೆ ವರ್ಷದ ಕೊನೆಯ ಚಳಿಯ ತಿಂಗಳುಗಳಲ್ಲಿ ಹೆಚ್ಚು, ಬೇಡವಾದವೂ ಆಗಲೇ ಹೆಚ್ಚು, ಅದು ಗೊತ್ತಾಗಿ ವೈದ್ಯರ ಬಳಿ ಹೋಗುವ ಹೊತ್ತಿಗೆ ಜನವರಿ, ಫೆಬ್ರವರಿ, ಮಾರ್ಚ್. ಒಬ್ಬೊಬ್ಬಳೂ ತನ್ನ ಸಂಕಟವನ್ನು ತಾನೇ ನುಂಗಿ ತೀರ್ಮಾನಿಸಿದ್ದಾಳೆ. ಆ ತೀರ್ಮಾನದ ಮುಂದೆ ಅವಳನ್ನು ತಂದು ನಿಲ್ಲಿಸಿದ್ದು ಮಾತ್ರ ಅವಳೊಬ್ಬಳ ಕೈಯಲ್ಲಿರಲಿಲ್ಲ. ಅವಳ ಸ್ವಾತಂತ್ರ್ಯ ಸುಳ್ಳು ಎಂದು ಇದರಿಂದ ಹೇಳಲಾಗದು. ಹೊಣೆಯಲ್ಲಿ ಪಾಲುಗಾರರು ಇದ್ದಾರೆ ಎಂದು ಹೇಳಬಹುದು, ಹೇಳಲೇಬೇಕು. ಕರ್ಮದ ಮಾತನ್ನು ನಮ್ಮಲ್ಲಿ ಸಲೀಸಾಗಿ ಆಡುವವರು ಒಂದನ್ನು ಮರೆಯುತ್ತಾರೆ. ಅವಳು ಮಾಡಿದ್ದು ಮಾತ್ರ ಕರ್ಮವಲ್ಲ. ಬಸುರಿಯನ್ನು ಸೆಕೆಯಲ್ಲಿ ಹತ್ತು ಗಂಟೆ ನಿಲ್ಲಿಸಿದವನದೂ ಕರ್ಮವೇ.

ಹಳೆಯ ವೈದ್ಯರಿಗೆ ಇದು ತಿಳಿದಿತ್ತು. ಗರ್ಭ ನಿಲ್ಲಲು ಋತು, ಕ್ಷೇತ್ರ, ನೀರು, ಬೀಜ ನಾಲ್ಕೂ ಕೂಡಬೇಕು ಎನ್ನುತ್ತದೆ ಸುಶ್ರುತ ಸಂಹಿತೆ. ಅದರ ನಿದಾನಸ್ಥಾನ, ನಾಲ್ಕನೇ ತಿಂಗಳವರೆಗೆ ಗರ್ಭ ಹೋದರೆ ಅದನ್ನು ಸ್ರಾವ ಎಂದೂ ಐದು, ಆರನೇ ತಿಂಗಳಲ್ಲಿ ಹೋದರೆ ಪಾತ ಎಂದೂ ಬೇರೆ ಮಾಡಿ ನೋಡುತ್ತದೆ. ಕಾರಣ ಹೇಳುವಾಗ ಮರದ ಕಾಯಿಯ ಮಾತು ತರುತ್ತದೆ. ಹುಳು ಕೊರೆದೋ, ಗಾಳಿಗೋ, ಪೆಟ್ಟು ಬಿದ್ದೋ ಕಾಯಿ ಅಕಾಲದಲ್ಲಿ ಉದುರುವ ಹಾಗೆ ಗರ್ಭವೂ ಕಳಚುತ್ತದೆ. ಆ ಹೋಲಿಕೆಯಲ್ಲಿ ಮರದ ಮೇಲೆ ತಪ್ಪು ಹೊರಿಸಿಲ್ಲ.

ಧರ್ಮಶಾಸ್ತ್ರ ಇಷ್ಟು ಮೃದುವಲ್ಲ. ಭ್ರೂಣಹತ್ಯೆಯನ್ನು ಅದು ಮಹಾಪಾತಕಗಳ ಸಾಲಿನಲ್ಲಿ ಇಡುತ್ತದೆ. ಆದರೆ ಅದೇ ಧರ್ಮಶಾಸ್ತ್ರದ ಮನುಸ್ಮೃತಿ, ಗರ್ಭಸ್ರಾವವಾದರೆ ಎಷ್ಟು ತಿಂಗಳ ಗರ್ಭವೋ ಅಷ್ಟು ರಾತ್ರಿಗಳ ಸೂತಕ ಎಂದು ಹೇಳುತ್ತದೆ. ಮೂರು ತಿಂಗಳದ್ದಕ್ಕೆ ಮೂರು ರಾತ್ರಿ, ಐದು ತಿಂಗಳದ್ದಕ್ಕೆ ಐದು. ಇದು ಗಮನಿಸಬೇಕಾದ ಸಂಗತಿ. ಗರ್ಭ ಬೆಳೆದ ಹಾಗೆ ಅದರ ಸ್ಥಾನಮಾನವೂ ಬೆಳೆಯುತ್ತದೆ, ಮೊದಲ ದಿನವೂ ಒಂಬತ್ತನೇ ತಿಂಗಳೂ ಒಂದೇ ಅಲ್ಲ ಎಂಬ ತಿಳುವಳಿಕೆ ಅಲ್ಲಿದೆ. ಗರ್ಭೋಪನಿಷತ್ತು ಜೀವ ಕೂಡುವುದು ಏಳನೇ ತಿಂಗಳಲ್ಲಿ ಎನ್ನುತ್ತದೆ. ಚರಕ ಶುಕ್ರ ಶೋಣಿತಗಳ ಸಂಯೋಗದಲ್ಲೇ ಆತ್ಮ ಬಂದು ಸೇರುತ್ತದೆ ಎನ್ನುತ್ತಾನೆ. ನಾಲ್ಕನೇ ತಿಂಗಳಲ್ಲಿ ಹೃದಯ ವ್ಯಕ್ತವಾಗಿ ಬಸುರಿಗೆ ಎರಡು ಹೃದಯಗಳಾಗುತ್ತವೆ, ಅದಕ್ಕೇ ಅವಳ ಬಯಕೆಯನ್ನು ತೀರಿಸಬೇಕು ಎನ್ನುತ್ತಾನೆ ಸುಶ್ರುತ. ಒಂದೇ ಪರಂಪರೆಯೊಳಗೆ ಮೂರು ಉತ್ತರ. ‘ನಮ್ಮ ಧರ್ಮ ಹೀಗೇ ಹೇಳುತ್ತದೆ’ ಎಂದು ಮೇಜು ಕುಟ್ಟುವವರಿಗೆ ಈ ಗ್ರಂಥಗಳ ಬೆಂಬಲವಿಲ್ಲ.

ಇಸ್ಲಾಮಿನಲ್ಲೂ ಎಣಿಕೆಯಿದೆ. ಹದೀಸಿನ ಆಧಾರದ ಮೇಲೆ ಅನೇಕ ಫಿಕ್ಹ್ (ಧರ್ಮಕಾನೂನು) ಪಂಡಿತರು ಆತ್ಮ ಊದಲಾಗುವುದು 120 ದಿನಕ್ಕೆ ಎಂದು ಒಪ್ಪುತ್ತಾರೆ, ಕೆಲವರು 40 ದಿನ ಎನ್ನುತ್ತಾರೆ. ಅದಕ್ಕೂ ಮೊದಲು ತಕ್ಕ ಕಾರಣವಿದ್ದರೆ ಗರ್ಭ ತೆಗೆಸಬಹುದೇ ಎಂಬುದರಲ್ಲಿ ಮಜ್‌ಹಬ್‌ಗಳ (ಧರ್ಮಕಾನೂನಿನ ಪಂಥಗಳ) ನಡುವೆ ಭಿನ್ನಮತವಿದೆ. ಈ ಧರ್ಮದ ಚಾಂದ್ರಮಾನ ಸಂಶೋಧಕರಿಗೆ ಬೇರೊಂದು ರೀತಿಯಲ್ಲಿ ಒದಗಿಬಂದಿದೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ, ಋತುವಿನ ಪರಿಣಾಮ ಯಾವುದು, ಉಪವಾಸದ್ದು ಯಾವುದು ಎಂದು ಬೇರ್ಪಡಿಸಿ ನೋಡಬಹುದು. ಡಗ್ಲಸ್ ಆಲ್ಮಂಡ್ ಮತ್ತು ಭಾಸ್ಕರ್ ಮಜುಂದಾರ್ 2011ರಲ್ಲಿ ಮಿಷಿಗನ್‌ನ ಅರಬ್ ಮೂಲದ ತಾಯಂದಿರ ದಾಖಲೆಗಳನ್ನು ಹೀಗೆ ಓದಿ, ಗರ್ಭದಲ್ಲಿದ್ದಾಗ ರಂಜಾನ್ ಹಾದುಹೋದ ಮಕ್ಕಳ ತೂಕ ಸ್ವಲ್ಪ ಕಡಿಮೆ ಎಂದು ಕಂಡರು. ತನಗೋ ಕೂಸಿಗೋ ತೊಂದರೆಯಾದೀತು ಎಂದಿದ್ದರೆ ಬಸುರಿ ಉಪವಾಸ ಬಿಡಬಹುದು ಎಂಬ ವಿನಾಯಿತಿ ಆ ಧರ್ಮದಲ್ಲೇ ಇದೆ.

ಹುಟ್ಟಿದ ತಿಂಗಳು ಬದುಕಿನ ಮೇಲೆ ಎಷ್ಟು ದೂರ ನೆರಳು ಚಾಚಬಲ್ಲದು ಎಂಬುದನ್ನು ತೋರಿಸಿದ್ದು ಆಫ್ರಿಕಾದ ಗಾಂಬಿಯಾದ ಹಳ್ಳಿಗಳು. ಕೆನೆಬಾ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1949ರಿಂದ ಹುಟ್ಟು ಸಾವುಗಳನ್ನು ಬರೆದಿಟ್ಟಿದ್ದಾರೆ. ಅಲ್ಲಿ ಮಳೆಗಾಲವೆಂದರೆ ಕಣಜ ಖಾಲಿಯಾಗಿ ಹೊಲದ ಕೆಲಸ ಜೋರಾಗಿರುವ ಹಸಿವಿನ ಕಾಲ. ಆ ಹಸಿವಿನ ತಿಂಗಳುಗಳಲ್ಲಿ ಹುಟ್ಟಿದವರು 25 ವಯಸ್ಸು ದಾಟಿದ ಮೇಲೆ ಅಕಾಲದಲ್ಲಿ ಸಾಯುವ ಸಾಧ್ಯತೆ ಸುಗ್ಗಿಯ ಕಾಲದಲ್ಲಿ ಹುಟ್ಟಿದವರಿಗಿಂತ ಸುಮಾರು 10 ಪಟ್ಟು ಹೆಚ್ಚು ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಜಾತಕ ನೋಡಿ ಮೂಲಾ ನಕ್ಷತ್ರ ಎಂದು ಹೆಣ್ಣನ್ನು ದೂರ ಇಡುವವರು ಹುಟ್ಟಿದ ಗಳಿಗೆಯಲ್ಲಿ ದೋಷ ಹುಡುಕುತ್ತಾರೆ. ಗಾಂಬಿಯಾದ ಲೆಕ್ಕ ಅದೇ ಹುಟ್ಟಿನ ತಿಂಗಳಿನಿಂದ ಹೊರಟು ಅಡುಗೆಮನೆಯ ಪಾತ್ರೆಗೆ ಬಂದು ನಿಲ್ಲುತ್ತದೆ: ಬಸುರಿಗೆ ಆ ತಿಂಗಳು ಊಟವಿತ್ತೇ?

ತುಮಕೂರಿನ ನೆಲದಲ್ಲೇ ಹುಟ್ಟಿದ ತಿಂಗಳಿನ ಪ್ರಶ್ನೆ ಕ್ರೂರವಾಗಿ ಎದುರಾಗಿದ್ದು 2023ರ ಜುಲೈನಲ್ಲಿ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯೊಬ್ಬಳನ್ನೂ ಅವಳ ಹಸುಗೂಸನ್ನೂ ಸೂತಕದ ಕಾರಣಕ್ಕೆ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಟ್ಟಿದ್ದರು. ಕಾಡುಗೊಲ್ಲರ ಹಟ್ಟಿಯೊಳಗೆ ದೇವರಿದ್ದಾನೆ, ಮುಟ್ಟಾದವಳೂ ಬಾಣಂತಿಯೂ ಒಳಗೆ ಬಂದರೆ ಮೈಲಿಗೆ ಎಂಬ ನಂಬಿಕೆ. ಸುರಿಯುವ ಮಳೆ, ಶೀತಗಾಳಿ, ಪ್ಲಾಸ್ಟಿಕ್ ಹೊದಿಕೆಯ ಸೂರು. ಎಳೆಯ ಮೈ ತಡೆಯಲಿಲ್ಲ, ಮಗು ತೀರಿಕೊಂಡಿತು. ಮರುತಿಂಗಳು ಗುಬ್ಬಿ ತಾಲ್ಲೂಕಿನ ಇನ್ನೊಂದು ಹಟ್ಟಿಯಲ್ಲಿ ಹೀಗೇ ಹೊರಗಿಟ್ಟಿದ್ದ ಬಾಣಂತಿ ಮತ್ತು ಮಗುವನ್ನು ಅಲ್ಲಿಯ ನ್ಯಾಯಾಧೀಶೆಯೇ ಹೋಗಿ, ತಿಳಿಹೇಳಿ, ಮನೆಯೊಳಗೆ ಸೇರಿಸಿ ಬಂದರು.

ಈ ಸಾವನ್ನು ಮೌಢ್ಯ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತೆ. ಬೇಸಿಗೆಯ ಒಣ ತಿಂಗಳಿನಲ್ಲಿ ಹುಟ್ಟಿದ್ದರೆ ಆ ಮಗು ಉಳಿದು, ಪದ್ಧತಿಗೆ ಯಾರ ಕಣ್ಣೂ ಬೀಳದೆ ಮುಂದುವರಿಯುತ್ತಿತ್ತೋ ಏನೋ. ಪ್ರತಿ ವರ್ಷ ಒಣ ತಿಂಗಳುಗಳಲ್ಲಿ ಪಾರಾದ ಕೂಸುಗಳನ್ನು ತೋರಿಸಿಯೇ ಇಂಥ ಪದ್ಧತಿಗಳು ‘ಏನೂ ಆಗೋದಿಲ್ಲ’ ಎಂಬ ಭಂಡ ಧೈರ್ಯ ಗಳಿಸುತ್ತವೆ. ಬಸುರಿಯರನ್ನೂ ಮುಟ್ಟಾದವರನ್ನೂ ಬಲವಂತವಾಗಿ ಬೇರೆ ಇಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಅಪರಾಧವೆಂದು ಹೇಳಿದೆ. ಹೊರಗಿರುವವರಿಗೆ ನೆರಳಾಗಲೆಂದು ಸರ್ಕಾರವೇ ಕೆಲವು ಹಟ್ಟಿಗಳ ಬಳಿ ಕೃಷ್ಣ ಕುಟೀರಗಳನ್ನೂ ಕಟ್ಟಿಸಿದೆ. ಗೋಡೆ, ತಾರಸಿ ಬಂದರೆ ಮಳೆ ತಪ್ಪುತ್ತದೆ, ನಿಜ. ಹೊರಗಿಡುವುದಕ್ಕೆ ಸರ್ಕಾರದ ಮುದ್ರೆಯೂ ಬೀಳುತ್ತದೆ. ಇಂಥ ಕಟ್ಟಡವನ್ನು ವಿರೋಧಿಸಿದವರ ಮಾತೇ ಸರಿ.

ಇದೇ ಜಿಲ್ಲೆಯಲ್ಲಿ ಸೂತಕವನ್ನು ಸಿದ್ಧಾಂತವಾಗಿಯೇ ಅಲ್ಲಗಳೆದ ಪರಂಪರೆಯೂ ಇದೆ. ಕ್ಯಾತ್ಸಂದ್ರದ ಸಿದ್ಧಗಂಗಾ ಮಠ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಸಿದ್ಧಲಿಂಗೇಶ್ವರರ ಗದ್ದುಗೆ ಈ ಭಾಗದ ದೊಡ್ಡ ಶ್ರದ್ಧಾಕೇಂದ್ರಗಳು. ಈ ಪರಂಪರೆಯ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ಹುಟ್ಟಿನ ಸೂತಕ, ರಜಸ್ಸಿನ ಸೂತಕ ಎರಡೂ ಆ ಐದರಲ್ಲಿವೆ. ಎಂಟನೇ ತಿಂಗಳಿಗೆ ಗರ್ಭದಲ್ಲಿರುವ ಕೂಸಿಗೇ ಲಿಂಗಧಾರಣೆ ಮಾಡುವ ಸಂಸ್ಕಾರವೂ ಅದೇ ಪರಂಪರೆಯದು. ಬಸುರಿಯ ಮೈಯೇ ಪೂಜೆಯ ಜಾಗವಾಗುವ ನಂಬಿಕೆ ಇದು. ಜೈನರು ಮಳೆಗಾಲದ ನಾಲ್ಕು ತಿಂಗಳು ಮುನಿಗಳ ಸಂಚಾರವನ್ನೇ ನಿಲ್ಲಿಸಿದರು, ನೆಲದ ಮೇಲೆ ಜೀವಗಳು ಹೆಚ್ಚಿರುವ ಕಾಲವೆಂದು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಬಸದಿಯೂ ತುಮಕೂರು ಬಳಿಯ ಮಂದಾರಗಿರಿಯೂ ಆ ಶ್ರದ್ಧೆಯ ಗುರುತುಗಳು. ಋತು ನೋಡಿ ನಿಯಮ ಬದಲಿಸಿಕೊಳ್ಳುವುದು ಧರ್ಮಕ್ಕೆ ಹೊಸದಲ್ಲ. ಮಳೆಯಲ್ಲಿ ಇರುವೆಗಾಗಿ ನಡೆಯುವುದನ್ನೇ ಬಿಟ್ಟ ನಾಡಿನಲ್ಲಿ ಮಳೆಯಲ್ಲಿ ಬಾಣಂತಿಯನ್ನು ಹೊರಗಿಡುವುದಕ್ಕೆ ಯಾವ ದೇವರ ಹೆಸರೂ ಸಲ್ಲದು.

ಬೇಡದ ಬಸಿರಿನ ವಿಚಾರದಲ್ಲಿ ಕಾನೂನೂ ವಾರಗಳನ್ನು ಎಣಿಸುತ್ತದೆ. ಶಾಂತಿಲಾಲ್ ಷಾ ಸಮಿತಿಯ 1966ರ ವರದಿಯ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. 2021ರ ತಿದ್ದುಪಡಿಯ ಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ನಿರ್ದಿಷ್ಟ ಸಂದರ್ಭಗಳಲ್ಲಿ ಇಬ್ಬರದು ಬೇಕು. ಅದನ್ನು ದಾಟಿ ಭ್ರೂಣದಲ್ಲಿ ಗಂಭೀರ ದೋಷ ಕಂಡರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಮಾತ್ರೆಯಿಂದ ಆಗುವುದು ಒಂಬತ್ತು ವಾರದೊಳಗೆ. ಮದುವೆಯಾಗದವಳಿಗೂ ಇದೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ವಯಸ್ಕಳಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನ ಸಹಿ ಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ವಾರಗಳ ಈ ಲೆಕ್ಕ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲ. ರಾಗಿ ಕುಯಿಲಿನಲ್ಲಿ ಸಿಕ್ಕಿಕೊಂಡವಳು ‘ಕೆಲಸ ಮುಗೀಲಿ’ ಎಂದು ಮೂರು ವಾರ ತಳ್ಳುತ್ತಾಳೆ. ಆಷಾಢಕ್ಕೆ ತವರಿಗೆ ಬಂದವಳು ಅಮ್ಮನಿಗೆ ಹೇಳಲು ಹೆದರಿ ಇನ್ನೆರಡು ವಾರ ಕಳೆಯುತ್ತಾಳೆ. ರಜೆ ಹಾಕಿದರೆ ಗುತ್ತಿಗೆಯವನು ಬೇರೆಯವರನ್ನು ತಂದಾನು ಎಂದು ಕಾರ್ಖಾನೆಯವಳು ಕಾಯುತ್ತಾಳೆ. ಮಾತ್ರೆಯಿಂದ ಮುಗಿಯಬೇಕಾದದ್ದು ಆಪರೇಷನ್ನಿಗೆ, ಒಬ್ಬ ವೈದ್ಯರಿಂದ ಮುಗಿಯಬೇಕಾದದ್ದು ಇಬ್ಬರ ಬಳಿಗೆ ಹೋಗುವುದು ಹೀಗೆ. ದೇಶದಲ್ಲಿ 2015ರಲ್ಲಿ ನಡೆದ ಗರ್ಭಪಾತಗಳು ಅಂದಾಜು 1.56 ಕೋಟಿ ಎಂದೂ, ಅದರಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದವೆಂದೂ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ಅಧ್ಯಯನ ಲೆಕ್ಕ ಹಾಕಿದೆ. ಕಾನೂನು ತೆರೆದ ಬಾಗಿಲನ್ನು ನಾಚಿಕೆ ಮುಚ್ಚಿದೆ. ಆ ನಾಚಿಕೆಗೆ ಧರ್ಮದ ಹೆಸರಿದೆ.

ಧರ್ಮ ಬಾಯಿ ತೆರೆಯಬೇಕಾದ ಜಾಗ ಬೇರೆಯದು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಭ್ರೂಣಲಿಂಗ ಪತ್ತೆಯ ಜಾಲ ಸ್ಕ್ಯಾನಿಂಗ್ ನಡೆಸುತ್ತಿದ್ದುದು ಕುಣಿಗಲ್ಲಿನ ನೆರೆಯ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ. ಬೆಲ್ಲದ ಕೊಪ್ಪರಿಗೆಯ ಪಕ್ಕ ಬಸುರಿಯರನ್ನು ಮಲಗಿಸಿ ನೋಡುತ್ತಿದ್ದರು. ಮೂರು ವರ್ಷದಲ್ಲಿ ಸುಮಾರು 900 ಹೆಣ್ಣುಭ್ರೂಣಗಳನ್ನು ತೆಗೆದಿರಬಹುದು ಎಂದು ಪೊಲೀಸರು ಹೇಳಿದರು. ಅಲ್ಲಿಗೆ ಹೆಂಗಸರು ಒಬ್ಬೊಬ್ಬರೇ ದಾರಿ ಹುಡುಕಿಕೊಂಡು ಹೋಗಿರಲಾರರು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯೂ ಗಂಡ ಮತ್ತು ಮನೆಯವರು ಒತ್ತಾಯಿಸಿದ್ದಾರೆ ಎಂದೇ ಮೊದಲು ಭಾವಿಸುತ್ತದೆ. ತನ್ನ ಬದುಕಿಗಾಗಿ ಹೆಣ್ಣು ತೆಗೆದುಕೊಳ್ಳುವ ತೀರ್ಮಾನ ಬೇರೆ, ಹೆಣ್ಣು ಬೇಡವೆಂದು ಮನೆತನ ಅವಳ ಮೈಮೇಲೆ ಹೇರುವ ತೀರ್ಮಾನ ಬೇರೆ. ಎರಡನ್ನೂ ಭ್ರೂಣಹತ್ಯೆ ಎಂಬ ಒಂದೇ ಬುಟ್ಟಿಗೆ ಹಾಕುವ ಪ್ರವಚನ ಎರಡನೆಯದರ ಅಪರಾಧಿಗಳನ್ನು ಮೊದಲನೆಯವಳ ಸೆರಗಿನ ಹಿಂದೆ ಅಡಗಿಸುತ್ತದೆ.

ದುಡಿಯುವ ಹೆಂಗಸರಿಗೆ ತಿಳಿಯಲೇಬೇಕಾದ ಒಂದು ಕಲಮು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಗರ್ಭ ತಾನಾಗಿ ಇಳಿದಿರಲಿ, ಕಾನೂನುಬದ್ಧವಾಗಿ ತೆಗೆಸಿಕೊಂಡಿರಲಿ, ಆರು ವಾರ ಸಂಬಳಸಹಿತ ರಜೆ. ಎರಡಕ್ಕೂ ಒಂದೇ ರಜೆ. ಇಎಸ್‌ಐ ವ್ಯವಸ್ಥೆಯಲ್ಲೂ ಗರ್ಭ ಹೋದವಳಿಗೆ ಆರು ವಾರದ ಸೌಲಭ್ಯವಿದೆ. ನಡತೆಯ ಪ್ರಶ್ನೆ ಕೇಳದೆ ಮೈಗೆ ವಿಶ್ರಾಂತಿ ಬೇಕು ಎಂಬುದನ್ನಷ್ಟೇ ನೋಡಿದ ಈ ಕಲಮಿನಲ್ಲಿ, ನಡುಮನೆಯ ವಿಚಾರಣೆಗಿಂತ ಹೆಚ್ಚು ಧರ್ಮವಿದೆ.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಯಿಂದ ತಿಂಗಳು ತಿಂಗಳೂ ಒಂದು ವರದಿ ಆರೋಗ್ಯ ಇಲಾಖೆಯ ಎಚ್‌ಎಂಐಎಸ್ ಮಾಹಿತಿ ಜಾಲಕ್ಕೆ ಹೋಗುತ್ತದೆ. ಎಷ್ಟು ಹೆರಿಗೆ, ಎಷ್ಟು ಗರ್ಭ ತಾನಾಗಿ ಇಳಿದವು, 12 ವಾರದೊಳಗೆ ಎಷ್ಟು ಗರ್ಭಪಾತ, ಆಮೇಲೆ ಎಷ್ಟು ಎಂಬ ಸಾಲುಗಳು ಅದರಲ್ಲಿವೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತಾಲ್ಲೂಕುಗಳ ಹತ್ತು ವರ್ಷದ ಆ ಸಾಲುಗಳನ್ನು ಪಕ್ಕಪಕ್ಕ ಇಟ್ಟು, ಮಳೆ ಮತ್ತು ಸೆಕೆಯ ದಾಖಲೆಯ ಜೊತೆ ಓದಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ವರ್ಷ ಸಾಕು. ತಾನಾಗಿ ಇಳಿದವು ಏಪ್ರಿಲ್, ಮೇ ಸಾಲಿನಲ್ಲಿ ಏರಿದ್ದರೆ ಆ ಹೆಂಗಸರು ಎಲ್ಲಿ ದುಡಿಯುತ್ತಿದ್ದರು, ಅಲ್ಲಿ ನೀರು, ನೆರಳು, ಕೂರಲು ಜಾಗ ಇತ್ತೇ ಎಂದು ಕಾರ್ಮಿಕ ಇಲಾಖೆಯನ್ನೂ ಕಾರ್ಖಾನೆಯವರನ್ನೂ ಕೇಳಬೇಕಾಗುತ್ತದೆ. 12 ವಾರ ದಾಟಿದ ಗರ್ಭಪಾತಗಳು ಕುಯಿಲಿನ ನಂತರ, ಆಷಾಢದ ನಂತರ ಹೆಚ್ಚಿದ್ದರೆ, ಆ ತಿಂಗಳುಗಳಿಗೆ ಮೊದಲೇ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಗುಟ್ಟಾಗಿ ವಿಚಾರಿಸುವ ಏರ್ಪಾಡು ಮಾಡಬೇಕಾಗುತ್ತದೆ. ಮಠಗಳು, ಮಸೀದಿಗಳು, ಹಟ್ಟಿಯ ಗೌಡರು ಆ ಕಾಗದವನ್ನು ನೋಡಬೇಕು. ಗರ್ಭ ಕಳೆದುಕೊಂಡವಳ ಬಾಗಿಲಲ್ಲಿ ಕೂತು ಪರಂಗಿ ಹಣ್ಣಿನ ಮಾತು ತೆಗೆಯುವವರಿಗೂ ಅದನ್ನು ತೋರಿಸಬೇಕು.